ಪರಶುರಾಮನ ನಾಡು ಮತ್ತು ಘಟ್ಟದ ಬುಡ: ಪುತ್ತೂರು, ಸುಳ್ಯ, ಕಡಬ ಸೀಮೆಯ ಕಲ್ಪಿತ ಭೂಗೋಳ

ಪೀಠಿಕೆ

ಇಲ್ಲದ ದೇಶವೊಂದನ್ನು ಕಲ್ಪಿಸಿ, ಅದಕ್ಕೆ ಎಲ್ಲೆ, ನದಿ, ಬೆಟ್ಟ, ಋತು, ಜನ ಹಾಗೂ ಕಟ್ಟಳೆಗಳನ್ನು ಒದಗಿಸುವ ಪ್ರವೃತ್ತಿ ಹಲವು ಸಂಸ್ಕೃತಿಗಳಲ್ಲಿ ಕಂಡುಬರುತ್ತದೆ. 1516ರಲ್ಲಿ ಪ್ರಕಟವಾದ ಥಾಮಸ್ ಮೋರ್‌ನ ‘ಯುಟೋಪಿಯಾ’ ಗ್ರಂಥದ ಮೊದಲ ಮುದ್ರಣದಲ್ಲಿಯೇ ಆ ಕಲ್ಪಿತ ದ್ವೀಪದ ನಕ್ಷೆಯೂ ಅಲ್ಲಿಯ ಅಕ್ಷರಮಾಲೆಯೂ ಇದ್ದುವು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬ್ರಾಂಟೆ ಮನೆತನದ ಮಕ್ಕಳು ಆಂಗ್ರಿಯಾ, ಗೊಂಡಾಲ್ ಎಂಬ ರಾಜ್ಯಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಅವುಗಳ ಚರಿತ್ರೆಯನ್ನು ಬರೆಯುತ್ತ ಬಂದರು. ಭಾರತೀಯ ಪುರಾಣಗಳ ಸಪ್ತದ್ವೀಪಗಳು ಇದಕ್ಕಿಂತ ಬಹು ಪ್ರಾಚೀನವಾದ ಕಲ್ಪನೆ. ಜಂಬೂದ್ವೀಪವನ್ನು ಉಪ್ಪುನೀರಿನ ಕಡಲು ಸುತ್ತುವರಿದರೆ ಅದರಾಚೆಯ ದ್ವೀಪಗಳನ್ನು ಕಬ್ಬಿನ ಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರುಗಳ ಕಡಲುಗಳು ಸುತ್ತುವರಿದಿವೆ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ತನ್ನ ‘ತ್ರಿಲೋಕಶತಕ’ದಲ್ಲಿ ಜೈನ ಆಗಮದ ಲೋಕಸ್ವರೂಪವನ್ನು ಕನ್ನಡದಲ್ಲಿ ನಿರೂಪಿಸಿದನು. ಆ ಲೋಕವಿಭಾಗದಲ್ಲಿ ಭೋಗಭೂಮಿ, ಕರ್ಮಭೂಮಿ ಎಂಬ ಭೇದವಿದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುವುದರಿಂದ ಬೇಸಾಯದ ಹಂಗಿಲ್ಲ. ಕರ್ಮಭೂಮಿಯಲ್ಲಿ ದುಡಿಯದೆ ಅನ್ನವಿಲ್ಲ.

ಈ ಎಲ್ಲ ದೇಶಗಳಿಗೂ ಒಂದು ಸಮಾನಗುಣವಿದೆ. ಅವುಗಳಿಗೆ ಕಾಲೂರಲು ನಿಜವಾದ ನೆಲವಿಲ್ಲ. ಆದುದರಿಂದ ಅವುಗಳ ನಕ್ಷೆಯನ್ನು ಯಾರೂ ಅಳೆದು ಪ್ರಶ್ನಿಸಲಾರರು. ಪಶ್ಚಿಮ ಕರಾವಳಿಯಲ್ಲಿ ನಡೆದುದು ಇದಕ್ಕಿಂತ ಭಿನ್ನವಾದುದು. ಇಲ್ಲಿ ಇರುವ ನೆಲಕ್ಕೇ ಕಲ್ಪಿತವಾದ ಹುಟ್ಟನ್ನು, ಕಲ್ಪಿತವಾದ ಎಲ್ಲೆಯನ್ನು, ಕಲ್ಪಿತವಾದ ದಾನಪತ್ರವನ್ನು ಬರೆಯಲಾಯಿತು. ಅದೇ ‘ಪರಶುರಾಮ ಸೃಷ್ಟಿ’. ಕಡಲನ್ನು ಹಿಂದೆ ಸರಿಸಿ ಪಡೆದುದೆನ್ನಲಾದ ಈ ದೇಶದ ನಕ್ಷೆಯು ಕಡಲಿನಿಂದ ದೂರವಿರುವ, ಘಟ್ಟದ ಬುಡದ ಪುತ್ತೂರು, ಸುಳ್ಯ ಮತ್ತು 2018ರಲ್ಲಿ ಪ್ರತ್ಯೇಕ ತಾಲೂಕಾಗಿ ರೂಪುಗೊಂಡ ಕಡಬ ಸೀಮೆಗಳಿಗೆ ಎಷ್ಟರಮಟ್ಟಿಗೆ ಒಗ್ಗಿತು, ಎಲ್ಲಿ ಒಗ್ಗಲಿಲ್ಲ, ಆ ಸೀಮೆಯ ಜನ ತಮ್ಮ ನಾಡನ್ನು ಬೇರೆ ಯಾವ ಬಗೆಯಲ್ಲಿ ಗುರುತಿಸಿಕೊಂಡರು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಕೊಡಲಿಯಿಂದ ಹುಟ್ಟಿದ ದೇಶ

ಕ್ಷತ್ರಿಯರನ್ನು ನಿರ್ಮೂಲ ಮಾಡಿದ ಪರಶುರಾಮನು ಗೆದ್ದ ಭೂಮಿಯನ್ನೆಲ್ಲ ದಾನಮಾಡಿದ ಬಳಿಕ ತನಗೆ ನಿಲ್ಲಲು ನೆಲವಿಲ್ಲದೆ ಸಹ್ಯಾದ್ರಿಯ ಮೇಲಿಂದ ಕೊಡಲಿಯನ್ನು ಬೀಸಿದನು, ಸಮುದ್ರರಾಜನು ಅಷ್ಟು ದೂರ ಹಿಂದೆ ಸರಿದನು ಎಂಬುದು ಕಥೆಯ ಸಾರ. ಸ್ಕಂದಪುರಾಣದ ಭಾಗವೆಂದು ಹೇಳಲಾಗುವ ‘ಸಹ್ಯಾದ್ರಿ ಖಂಡ’, ತುಳುನಾಡಿನ ‘ಗ್ರಾಮಪದ್ಧತಿ’, ಕೇರಳದ ‘ಕೇರಳೋತ್ಪತ್ತಿ’ ಈ ಮೂರೂ ಪಠ್ಯಗಳು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತವೆ. ಸಹ್ಯಾದ್ರಿ ಖಂಡವನ್ನು ಗರ್ಸನ್ ಡ ಕುನ್ಹಾ ಅವರು 1877ರಲ್ಲಿ ಸಂಪಾದಿಸಿ ಮುಂಬಯಿಯಿಂದ ಪ್ರಕಟಿಸಿದರು. ಕೇರಳೋತ್ಪತ್ತಿಯು ಹರ್ಮನ್ ಗುಂಡರ್ಟ್ ಅವರ ಪ್ರಯತ್ನದಿಂದ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಗ್ರಾಮಪದ್ಧತಿಯ ಪ್ರತಿಗಳು ಒಂದೇ ಪಾಠವನ್ನು ಕೊಡುವುದಿಲ್ಲ. ಅದು ಒಬ್ಬ ಕರ್ತೃವಿನ, ಒಂದೇ ಕಾಲದ ರಚನೆಯೆಂದು ತಿಳಿಯಲು ಆಧಾರವಿಲ್ಲ.

ಈ ಕಥೆಯನ್ನು ಯುಟೋಪಿಯಾದೊಡನೆ ಹೋಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೋರ್‌ನ ಕಥೆಯಲ್ಲಿ ಯುಟೋಪಸ್ ಎಂಬ ಅರಸನು ಹದಿನೈದು ಮೈಲಿ ನೆಲವನ್ನು ಅಗೆಸಿ, ಕಡಲನ್ನು ಒಳಕ್ಕೆ ಬಿಟ್ಟು, ತನ್ನ ನಾಡನ್ನು ಮುಖ್ಯ ಭೂಭಾಗದಿಂದ ಬೇರ್ಪಡಿಸಿದನು. ಪರಶುರಾಮನು ಕಡಲನ್ನು ಹೊರಕ್ಕೆ ತಳ್ಳಿದನು. ಕ್ರಿಯೆ ವಿರುದ್ಧವಾದರೂ ಫಲ ಒಂದೇ. ಹಿಂದಿನ ಒಡೆತನದ ನೆನಪಿಲ್ಲದ ಹೊಸ ನೆಲವೊಂದು ದೊರಕುತ್ತದೆ. ಹೊಸ ನೆಲಕ್ಕೆ ಹಳೆಯ ಹಕ್ಕುದಾರರಿರುವುದಿಲ್ಲ. ಅದನ್ನು ಕೊಟ್ಟವನೊಬ್ಬ, ಪಡೆದವರು ಕೆಲವರು ಎಂದು ಹೇಳುವುದು ಆಗ ಸುಲಭವಾಗುತ್ತದೆ. ಈ ಕಾರಣದಿಂದ ಪರಶುರಾಮನ ಕಥೆಯನ್ನು ಭೂಮಿಯ ಹುಟ್ಟಿನ ಕಥೆ ಎನ್ನುವುದಕ್ಕಿಂತ ಭೂಮಿಯ ಹಕ್ಕಿನ ಕಥೆ ಎಂದು ಓದುವುದು ಹೆಚ್ಚು ಪ್ರಯೋಜನಕಾರಿ.

ಭೂವಿಜ್ಞಾನದ ದೃಷ್ಟಿಯಿಂದ ಈ ಕಥೆಗೆ ಆಧಾರವಿಲ್ಲವೆಂಬುದು ತಿಳಿದ ವಿಷಯ. ದಕ್ಷಿಣ ಕನ್ನಡದ ತಳಶಿಲೆ ಬಹುಮಟ್ಟಿಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ನೈಸ್ ಶಿಲೆ. ಅದರ ಮೇಲೆ ಮುರಕಲ್ಲಿನ ಹೊದಿಕೆಯಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉಚ್ಛ್ರಾಯ ಕಾಲದಲ್ಲಿ, ಸಮುದ್ರಮಟ್ಟವು ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಎಂದರೆ ಮನುಷ್ಯನ ಕಾಲದಲ್ಲಿ ಕಡಲು ಈ ದಂಡೆಯನ್ನು ಬಿಟ್ಟು ಹೋದುದಕ್ಕಿಂತ ದಂಡೆಯತ್ತ ಏರಿ ಬಂದುದೇ ಹೆಚ್ಚು. ಅಳಿವೆಗಳಲ್ಲಿ ಮರಳದಿಣ್ಣೆ ಬೆಳೆದು ಹೊಸ ನೆಲ ಕಾಣಿಸಿಕೊಳ್ಳುವ ದೃಶ್ಯವು ಕಥೆಗೆ ಪ್ರೇರಣೆಯಾಗಿರಬಹುದಾದರೂ ಆ ದೃಶ್ಯ ಸಮುದ್ರತೀರದ್ದು. ಸುಳ್ಯ, ಕಡಬಗಳ ಕಾಡುಗುಡ್ಡಗಳಲ್ಲಿ ಕಡಲು ಹಿಂದೆ ಸರಿದ ಗುರುತನ್ನು ಹುಡುಕುವಂತಿಲ್ಲ.

ಗ್ರಾಮಗಳ ಪಟ್ಟಿಯೇ ನಕ್ಷೆ

ಪರಶುರಾಮನ ದೇಶಕ್ಕೆ ಬಣ್ಣ ಬಳಿದ ನಕ್ಷೆ ಇರಲಿಲ್ಲ. ಪಟ್ಟಿಯೇ ಅದರ ನಕ್ಷೆ. ಗ್ರಾಮಪದ್ಧತಿಯು ಬ್ರಾಹ್ಮಣರಿಗೆ ನೀಡಿದ ಮೂವತ್ತೆರಡು ಗ್ರಾಮಗಳನ್ನು ಹೇಳುತ್ತದೆ. ಕೇರಳೋತ್ಪತ್ತಿಯು ಅರುವತ್ತನಾಲ್ಕು ಗ್ರಾಮಗಳನ್ನು ಹೇಳಿ ಅವುಗಳಲ್ಲಿ ಅರ್ಧವನ್ನು ತುಳುನಾಡಿಗೆ, ಅರ್ಧವನ್ನು ಮಲಯಾಳಕ್ಕೆ ಹಂಚುತ್ತದೆ. ಗ್ರಾಮಪದ್ಧತಿಯೊಳಗೆ ಎರಡು ಕಥೆಗಳು ಹೆಣೆದುಕೊಂಡಿರುವುದು ಗಮನಾರ್ಹ. ಮೊದಲನೆಯದರಲ್ಲಿ ಪರಶುರಾಮನು ಬಲೆಯ ಹಗ್ಗವನ್ನೇ ಜನಿವಾರವಾಗಿಸಿ ಬೆಸ್ತರನ್ನು ಬ್ರಾಹ್ಮಣರನ್ನಾಗಿ ಮಾಡುತ್ತಾನೆ. ಅವರು ಅವನನ್ನು ವೃಥಾ ಪರೀಕ್ಷಿಸಿದುದರಿಂದ ಶಾಪಗ್ರಸ್ತರಾಗುತ್ತಾರೆ. ಎರಡನೆಯದರಲ್ಲಿ ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತರುತ್ತಾನೆ. ಮೊದಲ ಕಥೆಯಲ್ಲಿ ಕಡಲಂಚಿನ ದುಡಿಯುವ ಜನರು ಒಂದು ಕ್ಷಣ ನೆಲದ ಒಡೆಯರಾಗಿ, ಮರುಕ್ಷಣ ಹೊರಗಾಗುತ್ತಾರೆ. ಕಥೆಯನ್ನು ಹೆಣೆದವರಿಗೆ ಹಿಂದಿನ ನಿವಾಸಿಗಳ ಅರಿವಿತ್ತೆಂಬುದಕ್ಕೆ ಇದೇ ಸಾಕ್ಷಿ.

ಶಾಸನಗಳು ಬಳಸುವ ಹೆಸರುಗಳೇ ಬೇರೆ. ಆಳುಪರ ಕಾಲದ ದಾಖಲೆಗಳಲ್ಲಿ ಈ ನಾಡು ಆಳ್ವಖೇಡವೆಂದು ಬರುತ್ತದೆ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಆಡಳಿತ ವಿಭಾಗಗಳಿದ್ದುವು. ಕದಂಬ ಮನೆತನದ ಮೂಲವನ್ನು ಹೇಳುವ ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನು ಕಂಚಿಗೆ ವಿದ್ಯಾರ್ಥಿಯಾಗಿ ಹೋದುದು, ಅವಮಾನಿತನಾಗಿ ಆಯುಧ ಹಿಡಿದುದು ಹೇಳಿದೆ. ತುಳುನಾಡಿನ ಮೂವತ್ತೆರಡು ಗ್ರಾಮಗಳ ಹಂಚಿಕೆ ಅಲ್ಲಿ ಕಾಣುವುದಿಲ್ಲ. ಬಿ. ಎ. ಸಾಲೆತೂರ್ ಅವರು 1936ರ ತಮ್ಮ ತುಳುವ ಇತಿಹಾಸದಲ್ಲಿಯೂ, ಪಿ. ಗುರುರಾಜ ಭಟ್ಟರು 1975ರ ತಮ್ಮ ಬೃಹತ್ ಗ್ರಂಥದಲ್ಲಿಯೂ ಐತಿಹ್ಯವನ್ನೂ ಶಾಸನವನ್ನೂ ಅಕ್ಕಪಕ್ಕದಲ್ಲಿಟ್ಟು ಚರ್ಚಿಸಿದ್ದಾರೆ. ಆಡಳಿತ ನಡೆಸುತ್ತಿದ್ದವರಿಗೆ ಬೇಕಾದ ದೇಶ ಒಂದು, ಹಕ್ಕನ್ನು ಸ್ಥಾಪಿಸುತ್ತಿದ್ದವರಿಗೆ ಬೇಕಾದ ದೇಶ ಇನ್ನೊಂದು ಎಂಬುದು ಈ ಹೋಲಿಕೆಯಿಂದ ವಿದಿತವಾಗುತ್ತದೆ.

ಪಟ್ಟಿಯ ಇನ್ನೊಂದು ರೂಪ ಏಳು ಕ್ಷೇತ್ರಗಳದು. ಉಡುಪಿ, ಕುಂಭಾಸಿ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು, ಗೋಕರ್ಣ ಹಾಗೂ ಸುಬ್ರಹ್ಮಣ್ಯ ಇವು ಪರಶುರಾಮ ಸೃಷ್ಟಿಯ ಸಪ್ತಕ್ಷೇತ್ರಗಳೆಂದು ಪ್ರಸಿದ್ಧವಾಗಿವೆ. ಇವುಗಳಲ್ಲಿ ಆರು ಕ್ಷೇತ್ರಗಳು ಉಡುಪಿ ಮತ್ತು ಅದರ ಉತ್ತರಕ್ಕೆ ಸೇರಿವೆ. ಆಗ್ನೇಯದ ಮೂಲೆಯಲ್ಲಿ, ಈಗಿನ ಕಡಬ ತಾಲೂಕಿನಲ್ಲಿ, ಕುಕ್ಕೆ ಸುಬ್ರಹ್ಮಣ್ಯವೊಂದೇ ಒಂಟಿಯಾಗಿ ನಿಂತಿದೆ. ಈ ಒಂಟಿ ಬಿಂದುವಿನ ಮೂಲಕ ಘಟ್ಟದ ಬುಡದ ವಿಶಾಲ ಸೀಮೆಯು ಕಡಲಿನ ಕಥೆಗೆ ಸೇರ್ಪಡೆಯಾಯಿತು. ಆದರೆ ಕುಕ್ಕೆಯ ಸ್ಥಳಪುರಾಣದಲ್ಲಿ ಪ್ರಧಾನವಾದುದು ಕಡಲಲ್ಲ. ತಾರಕಾಸುರನನ್ನು ಕೊಂದ ಕುಮಾರನು ತನ್ನ ಆಯುಧವನ್ನು ಹೊಳೆಯಲ್ಲಿ ತೊಳೆದುದರಿಂದ ಅದು ಕುಮಾರಧಾರೆಯಾಯಿತು. ಗರುಡನಿಗೆ ಅಂಜಿದ ವಾಸುಕಿ ಅಲ್ಲಿ ಆಶ್ರಯ ಪಡೆದನು. ಬೆಟ್ಟ, ಹೊಳೆ, ನಾಗ ಇವು ಆ ಕಥೆಯ ಮೂಲವಸ್ತುಗಳು. ಸುಮಾರು 1,712 ಮೀಟರು ಎತ್ತರದ ಪುಷ್ಪಗಿರಿ ಶಿಖರದ ನೆರಳಿನಲ್ಲಿ ಬದುಕುವವರಿಗೆ ನಾಡು ಹುಟ್ಟುವುದು ಮೇಲಿನಿಂದಲೇ ಹೊರತು ಪಡುವಣದ ತೆರೆಗಳಿಂದಲ್ಲ.

ಗಡಿಯ ವಿಷಯದಲ್ಲಿಯೂ ಈ ಸೀಮೆಯ ಸ್ಥಾನ ವಿಶಿಷ್ಟವಾದುದು. ಕುಮಾರಧಾರೆಯು ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಹರಿಯುತ್ತದೆ. ಸುಳ್ಯದ ಪಯಸ್ವಿನಿಯು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ನೈರುತ್ಯಕ್ಕೆ ತಿರುಗಿ, ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ತುಳುನಾಡಿಗೂ ಮಲಯಾಳಕ್ಕೂ ಸಾಂಪ್ರದಾಯಿಕ ಎಲ್ಲೆಯೆಂದು ಹೇಳುತ್ತ ಬಂದಿರುವುದು ಈ ಚಂದ್ರಗಿರಿ ಹೊಳೆಯನ್ನೇ. ಕರಾವಳಿಯಲ್ಲಿ ಎಲ್ಲೆಯಾದ ಹೊಳೆ ಸುಳ್ಯದಲ್ಲಿ ಊರ ನಡುವಿನ ಹೊಳೆ. ಅದರ ಎರಡು ದಡಗಳಲ್ಲಿಯೂ ತುಳು, ಅರೆಭಾಷೆ, ಕನ್ನಡ, ಮಲಯಾಳಗಳು ಬೆರೆತಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ರಾಜ್ಯದ ಗಡಿಯು ಚಂದ್ರಗಿರಿಯನ್ನು ಅನುಸರಿಸಲಿಲ್ಲ. ಹೊಳೆಯ ಉತ್ತರದ ತುಳು, ಕನ್ನಡ ಪ್ರದೇಶಗಳೂ ಗಡಿಯಾಚೆಗೆ ಹೋದುವು.

ನೆಲದ ವಾಯುಗುಣ

ಕಲ್ಪಿತ ದೇಶದ ಪಠ್ಯದಲ್ಲಿ ಎಲ್ಲೆಯಿದೆ, ಗ್ರಾಮವಿದೆ, ದಾನವಿದೆ. ಮಳೆ ಇಲ್ಲ. ಈ ಕೊರತೆಯನ್ನು ತುಂಬಿದವರು ಗದ್ದೆಯಲ್ಲಿ ದುಡಿದವರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದು ಮುಗಿಯುವ ಈ ಸೀಮೆಯಲ್ಲಿ ನೆಲವನ್ನು ನೀರಿನ ಲೆಕ್ಕದಿಂದ ವಿಂಗಡಿಸಲಾಗಿತ್ತು. ತಗ್ಗಿನಲ್ಲಿದ್ದು ವರ್ಷದ ಬಹುಭಾಗ ತೇವ ಉಳಿಯುವ ಗದ್ದೆ ಬೈಲು. ನಡುಮಟ್ಟದ್ದು ಮಜಲು. ಮಳೆಯನ್ನೇ ನಂಬಿದ ಮೇಲಿನದು ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಸಾಧ್ಯ. ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಏಣೆಲು ಒಂದೇ. ಒಂದೇ ಊರಿನೊಳಗೆ, ಒಂದು ಕೂಗಳತೆಯ ಅಂತರದಲ್ಲಿ, ಮೂರು ವಾಯುಗುಣಗಳನ್ನು ಗುರುತಿಸಿದ ಈ ವಿಂಗಡಣೆ ಎಷ್ಟು ಉಪಯುಕ್ತವಾಗಿತ್ತೆಂದರೆ ಬ್ರಿಟಿಷರ ಕಂದಾಯ ವ್ಯವಸ್ಥೆಯೂ ಈ ಪದಗಳನ್ನು ಬಿಡದೆ ಉಳಿಸಿಕೊಂಡಿತು.

ಕಾಲದ ಲೆಕ್ಕವೂ ಹಾಗೆಯೇ. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯು ಸಾಮಾನ್ಯವಾಗಿ ಮೇ 24ರ ಸುಮಾರಿಗೆ ಬರುತ್ತದೆ. ಅಂದಿಗೆ ಭೂತದ ಕೋಲಗಳೂ ಯಕ್ಷಗಾನದ ತಿರುಗಾಟಗಳೂ ನಿಲ್ಲುತ್ತವೆ. ಅಲ್ಲಿಂದ ಮುಂದಿನದು ಮಳೆಯ ರಾಜ್ಯ. ಆಟಿ ತಿಂಗಳಿನಲ್ಲಿ ಕಣಜ ಬರಿದಾಗಿ, ಕಾಡಿನ ಸೊಪ್ಪು, ಗೆಡ್ಡೆಗಳೇ ಆಹಾರವಾಗುವ ಹೊತ್ತಿಗೆ ನಲಿಕೆ ಜನಾಂಗದ ಕಲಾವಿದರು ಆಟಿ ಕಳೆಂಜನಾಗಿ ಮನೆಮನೆಗೆ ಬಂದು ಮಾರಿಯನ್ನು ಕಳೆಯುತ್ತಾರೆ. ಭೋಗಭೂಮಿಯ ಕಲ್ಪನೆ ಅಕ್ಷರಸ್ಥರ ಮಠಗಳಲ್ಲಿ ಬೆಳೆದ ಇದೇ ಜಿಲ್ಲೆಯಲ್ಲಿ ಆಟಿಯ ಹಸಿವು ಪ್ರತಿ ಮನೆಯ ವಾರ್ಷಿಕ ಅನುಭವವಾಗಿತ್ತೆಂಬುದನ್ನು ಮರೆಯುವಂತಿಲ್ಲ.

ಹಾಡಿನಲ್ಲಿ ಉಳಿದ ದಾರಿಗಳು

ಪಟ್ಟಿಯಲ್ಲಿ ನಾಡನ್ನು ಹಿಡಿದವರು ಒಂದು ವರ್ಗವಾದರೆ, ನಡೆದ ದಾರಿಯಲ್ಲಿ ಹಿಡಿದವರು ಇನ್ನೊಂದು ವರ್ಗ. ತುಳು ಪಾಡ್ದನಗಳ ಭೂಗೋಳವು ಪಯಣದ ಭೂಗೋಳ. ಭೂತಗಳು ಘಟ್ಟ ಇಳಿದು, ಹೊಳೆ ದಾಟಿ, ಬೀಡಿನಿಂದ ಬೀಡಿಗೆ ಹೋಗಿ ನೆಲೆಯಾಗುತ್ತವೆ. ಎ. ಮ್ಯಾನರ್ ಅವರು 1886ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಪಾಡ್ದನ ಸಂಗ್ರಹದಿಂದ ಮೊದಲ್ಗೊಂಡು ಈ ಸಾಹಿತ್ಯ ಮುದ್ರಣಕ್ಕೆ ಬಂದಿತು. ಪ್ರಸ್ತುತ ಸೀಮೆಗೆ ಸಂಬಂಧಿಸಿದಂತೆ ಕೋಟಿ ಚೆನ್ನಯರ ಪಾಡ್ದನವು ಮುಖ್ಯವಾದುದು. ದೇಯಿ ಬೈದೆತಿಯ ಅವಳಿ ಮಕ್ಕಳು ಪುತ್ತೂರು ಸೀಮೆಯ ಪಡುಮಲೆಯಲ್ಲಿ ಬೆಳೆದು, ಅಲ್ಲಿಯ ಬಲ್ಲಾಳನೊಡನೆ ವಿರಸವಾಗಿ ಹೊರಟು, ಪಂಜದ ಮೂಲಕ ಎಣ್ಮೂರನ್ನು ಸೇರಿ, ಅಲ್ಲಿಯೇ ಯುದ್ಧದಲ್ಲಿ ಮಡಿಯುತ್ತಾರೆ. ಪಡುಮಲೆ, ಪಂಜ, ಎಣ್ಮೂರುಗಳನ್ನು ಜೋಡಿಸುವ ಗೆರೆಯು ಇಂದಿನ ಮೂರು ತಾಲೂಕುಗಳ ಒಳಗನ್ನು ಹಾದುಹೋಗುತ್ತದೆ. ಗ್ರಾಮಪದ್ಧತಿಯಲ್ಲಿ ಗ್ರಾಮವು ದಾನದ ಘಟಕವಾದರೆ ಪಾಡ್ದನದಲ್ಲಿ ಅದು ನ್ಯಾಯ ದೊರೆತ ಅಥವಾ ದೊರೆಯದ ಜಾಗ. ನೆಲದ ಒಡೆತನವಿಲ್ಲದ ಬಿಲ್ಲವ ಯುವಕರು ತಾವು ಪಡೆಯಬೇಕಾದ ಗದ್ದೆಗಾಗಿ, ಮರ್ಯಾದೆಗಾಗಿ ಬಲ್ಲಾಳನೊಡನೆ ವಾದಿಸುವುದು ಆ ಹಾಡಿನ ತಿರುಳು.

ಸುಳ್ಯದ ಅರೆಭಾಷೆ ಗೌಡರ ನೆನಪಿನಲ್ಲಿಯೂ ನಾಡಿನ ಆರಂಭ ಕಡಲಿನದಲ್ಲ. ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದ ಕಥೆಯನ್ನು, ಹತ್ತು ಕುಟುಂಬ ಹದಿನೆಂಟು ಗೋತ್ರಗಳ ಕಟ್ಟನ್ನು ಅವರು ಹೇಳುತ್ತಾರೆ. ಬಿಸಿಲೆ, ಸಂಪಾಜೆ, ಶಿರಾಡಿ ಘಾಟಿಗಳು ಈ ಭೂಗೋಳದಲ್ಲಿ ಗೋಡೆಗಳಲ್ಲ, ಬಾಗಿಲುಗಳು. ಇನ್ನು ಕುಕ್ಕೆಯ ಸುತ್ತಲಿನ ಮಲೆಕುಡಿಯರು ಯಾವ ಗ್ರಾಮಪಟ್ಟಿಯಲ್ಲಿಯೂ ಹಕ್ಕುದಾರರಾಗಿ ಬರುವುದಿಲ್ಲ. ಆದರೆ ಚಂಪಾಷಷ್ಠಿಯ ರಥವನ್ನು ಬಿದಿರು ಮತ್ತು ಬೆತ್ತದಿಂದ ಕಟ್ಟುವ ಪರಂಪರೆ ಅವರದು. ಪಟ್ಟಿ ಬಿಟ್ಟುದನ್ನು ಆಚರಣೆ ಬಿಡಲಿಲ್ಲ.

ಅಮರ ಸುಳ್ಯದ ಕಲ್ಪಿತ ಅರಸು

ಪುರಾಣದ ನಕ್ಷೆಗೂ ಹಾಡಿನ ನಕ್ಷೆಗೂ ಮೂರನೆಯದೊಂದು ಸೇರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1799ರಲ್ಲಿ ಟಿಪ್ಪುವಿನ ಪತನದೊಡನೆ ಕನ್ನಡ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಬೆಳೆ ಮತ್ತು ಗೇಣಿಯ ವಿವರಗಳೊಡನೆ ಪರಶುರಾಮನ ಕಥೆಯನ್ನೂ ಬರೆದುಕೊಂಡನು. ಹೀಗೆ ಕಲ್ಪಿತ ದೇಶವು ಸರಕಾರದ ಅವಗಾಹನೆಗೆ ಬಂದಿತು. ಆದರೆ ಅಮರ ಸುಳ್ಯ ಸೀಮೆಯು ಆ ವೇಳೆಗೆ ಕೊಡಗಿನ ಹಾಲೇರಿ ಅರಸರೊಡನೆ ಕೂಡಿಕೊಂಡಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿಯು ಅಮರ ಸುಳ್ಯವನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಘಟ್ಟದ ಮೇಲಿನೊಡನೆ ಇದ್ದ ಆಡಳಿತ ಸಂಬಂಧ ಕಾಗದದ ಮೇಲಿನ ಒಂದು ಆಜ್ಞೆಯಿಂದ ಕಡಿಯಿತು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದನ್ನು ತೆರಬೇಕಾಯಿತು. ಪೇಟೆ ದೂರವಿದ್ದ, ಮಳೆಗಾಲದಲ್ಲಿ ದಾರಿಗಳೇ ಮುಚ್ಚಿಹೋಗುತ್ತಿದ್ದ ಸೀಮೆಯಲ್ಲಿ ನಗದು ಎಂಬುದು ಸಾಹುಕಾರನ ಬಾಗಿಲಿನ ವಸ್ತು.

1837ರ ಮಾರ್ಚ್ ಕೊನೆಯಲ್ಲಿ ಆರಂಭವಾದ ಬಂಡಾಯ, ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಉಳಿದುದು, ಈ ಹಿನ್ನೆಲೆಯಲ್ಲಿ ಹುಟ್ಟಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಬಂಟ್ವಾಳಗಳ ಮೂಲಕ ಸಾಗಿ, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹಿಡಿದು ಬಾವುಟಗುಡ್ಡದಲ್ಲಿ ತಮ್ಮ ಧ್ವಜವನ್ನು ಏರಿಸಿದರು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂಬ ಹೆಸರನ್ನು ಧರಿಸಿ ಮುಂದೆ ನಿಂತವನು ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ. ಅವನ ಹೆಸರಿನಲ್ಲಿ ಕಂದಾಯದ ವಿನಾಯತಿಯೂ ಉಪ್ಪು, ಹೊಗೆಸೊಪ್ಪುಗಳ ಮೇಲಿನ ತೆರಿಗೆಯ ರದ್ದತಿಯೂ ಸಾರಲ್ಪಟ್ಟುವು. ಸುಮಾರು ಎರಡು ವಾರಗಳೊಳಗೆ ಕಣ್ಣಾನೂರಿನ ಕಡೆಯಿಂದ ಬಂದ ಸೈನ್ಯವು ಬಂಡಾಯವನ್ನು ಅಡಗಿಸಿತು. ನಾಯಕರಲ್ಲಿ ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಅರಸನು ಕಲ್ಪಿತನಾಗಿದ್ದನೆಂಬ ಕಾರಣದಿಂದ ಈ ಹೋರಾಟವನ್ನು ವಂಚಕನೊಬ್ಬನ ದಂಗೆಯೆಂದು ಕಂಪೆನಿಯ ಅಧಿಕಾರಿಗಳು ತಳ್ಳಿಹಾಕಲು ಯತ್ನಿಸಿದುದು ಸಹಜ. ಆದರೆ ಹೆಸರು ಕಲ್ಪಿತವಾದರೂ ಬೇಡಿಕೆ ಕಲ್ಪಿತವಾಗಿರಲಿಲ್ಲ. ಅಳಿಸಿಹೋದ ನಕ್ಷೆಯೊಂದನ್ನು ಮರಳಿ ಬರೆಯಲು ಆ ನಕ್ಷೆಗೆ ಹೊಂದುವ ಅರಸನೊಬ್ಬ ಬೇಕಾಗಿದ್ದನು. ಪರಶುರಾಮನ ದೇಶವು ಒಡೆತನವನ್ನು ಸಮರ್ಥಿಸಲು ಹುಟ್ಟಿದ್ದರೆ, ಕಲ್ಯಾಣಸ್ವಾಮಿಯ ಎರಡು ವಾರಗಳ ದೇಶವು ಹೊರೆಯನ್ನು ನಿರಾಕರಿಸಲು ಹುಟ್ಟಿತು. ಎರಡೂ ಕಲ್ಪನೆಗಳೇ. ಮೊದಲನೆಯದು ಗ್ರಂಥಸ್ಥವಾಗಿ ಬಾಳಿತು. ಎರಡನೆಯದು ಬಹುಕಾಲ ಲಾವಣಿ ಮತ್ತು ಮನೆಮಾತುಗಳಲ್ಲಿ ಮಾತ್ರ ಉಳಿಯಿತು.

ಉಪಸಂಹಾರ

ಪುತ್ತೂರು, ಸುಳ್ಯ, ಕಡಬಗಳ ನೆಲದ ಮೇಲೆ ಹೀಗೆ ಹಲವು ದೇಶಗಳು ಒಂದರ ಮೇಲೊಂದು ಬರೆಯಲ್ಪಟ್ಟಿವೆ. ಅವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ವಿಂಗಡಿಸಿ ಸುಳ್ಳನ್ನು ಬಿಸುಡುವುದರಿಂದ ಇತಿಹಾಸಕಾರನ ಕಾರ್ಯ ಮುಗಿಯುವುದಿಲ್ಲ. ಪ್ರತಿಯೊಂದು ಕಲ್ಪಿತ ದೇಶವೂ ಯಾರ ಹಕ್ಕನ್ನು ಬರೆದುಕೊಂಡಿತು, ಯಾರನ್ನು ಬರೆಯದೆ ಬಿಟ್ಟಿತು ಎಂಬುದೇ ಅದರ ನಿಜವಾದ ಸಾಕ್ಷ್ಯ. ಕೊಡಲಿಯ ಕಥೆಯು ಬೆಸ್ತರನ್ನು ಒಳಗೆ ಕರೆದು ಹೊರಗೆ ಕಳುಹಿತು. ಅದರ ಗ್ರಾಮಪಟ್ಟಿಯು ಮಲೆಕುಡಿಯರನ್ನು ಕಾಣಲಿಲ್ಲ. ಕಂಪೆನಿಯ ನಕ್ಷೆಯು ಘಾಟಿಯ ದಾರಿಗಳನ್ನು ಮರೆತಿತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯಡಿ ಚಾಲಗೇಣಿ, ಮೂಲಗೇಣಿ ಒಕ್ಕಲುಗಳು ನ್ಯಾಯಮಂಡಳಿಗಳ ಮುಂದೆ ಬಂದು ಘೋಷಣೆ ಸಲ್ಲಿಸಿದಾಗ ಈ ನೆಲದ ಬಗೆಗೆ ಕೇಳಲಾದ ಪ್ರಶ್ನೆ ಸರಳವಾಗಿತ್ತು. ಇಲ್ಲಿ ಉಳುತ್ತಿದ್ದವರು ಯಾರು? ಯಾರು ಕೊಟ್ಟರು, ಯಾರು ಪಡೆದರು ಎಂಬ ಪುರಾಣದ ಪ್ರಶ್ನೆಗೆ ಅಲ್ಲಿ ಸ್ಥಾನವಿರಲಿಲ್ಲ. ದಾನದ ದೇಶ ಕಾನೂನಿನ ಮಟ್ಟಿಗೆ ಅಂದು ಕೊನೆಗೊಂಡಿತೆನ್ನಬಹುದು. ಇಂದು ಬೈಲು ಗದ್ದೆಗಳಲ್ಲಿಯೂ ಅಡಿಕೆ ತೋಟಗಳು ಎದ್ದಿವೆ. ಏಣೆಲು, ಕೊಳಕೆ ಎಂಬ ಪದಗಳ ಅರ್ಥವನ್ನು ಎಳೆಯರಿಗೆ ವಿವರಿಸಬೇಕಾಗಿದೆ. ಗ್ರಾಮಪದ್ಧತಿಯ ಪ್ರತಿಗಳು ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿವೆ. ಬೈಲು, ಮಜಲು, ಬೆಟ್ಟುಗಳ ಭೂಗೋಳಕ್ಕೆ, ಘಾಟಿ ದಾರಿಗಳ ನೆನಪಿಗೆ, ಮಲೆಕುಡಿಯರ ಕಾಡಿನ ಸ್ಥಳನಾಮಗಳಿಗೆ ಆ ಭಾಗ್ಯ ಪೂರ್ಣವಾಗಿ ಒದಗಿಲ್ಲ. ಹಿರಿಯರ ನೆನಪು ಮಾಸುವ ಮುನ್ನ ಗ್ರಾಮವಾರು ಈ ಸಾಮಗ್ರಿಯನ್ನು ಸಂಗ್ರಹಿಸಿದಲ್ಲಿ, ಪಡುವಣ ಕಡಲನ್ನೇ ನೋಡುತ್ತ ಬಂದ ತುಳುನಾಡಿನ ಚರಿತ್ರೆಗೆ ಅದರ ಮೂಡಣದ ಅರ್ಧವೂ ದೊರೆಯುವುದು.